‘ಗ್ಯಾಸ್’ ಎಂದರೆ ಯಾವ ಗ್ಯಾಸ್? – ಕಲ್ಲಿದ್ದಲು ಪದರದ ಮೀಥೇನ್ ಪಾಠದ ಅನುಭವ

ಪಾಠದ ಹಿನ್ನೆಲೆ

ಈ ಸಾಲಿನ ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ಮಹದೇವಪುರದ ಒಂದು ಸರ್ಕಾರಿ ಪ್ರೌಢಶಾಲೆ. ಎಂಟನೆಯ ತರಗತಿ, ಕನ್ನಡ ಮಾಧ್ಯಮ. ಘಟಕ ‘ಕಲ್ಲಿದ್ದಲು ಮತ್ತು ಪೆಟ್ರೋಲಿಯಂ’. ನೈಸರ್ಗಿಕ ಅನಿಲದ ಉಪಘಟಕಕ್ಕೆ ಒಂದೇ ಅವಧಿ ಸಾಕೆಂದು ವಾರ್ಷಿಕ ಯೋಜನೆಯಲ್ಲಿ ಬರೆದಿದ್ದೆ. ಕೊನೆಗೆ ಮೂರು ಅವಧಿ ಹಿಡಿಯಿತು. ಏಕೆ ಹಿಡಿಯಿತು, ಆ ಮೂರು ಅವಧಿಯಲ್ಲಿ ನಾನು ಎಲ್ಲಿ ಸರಿಯಾಗಿ ನಡೆದೆ, ಎಲ್ಲಿ ಎಡವಿದೆ ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ತರಗತಿಯ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಇವರ ಮನೆ ತಗಡಿನ ಶೆಡ್. ಅವರ ತಾಯಂದಿರಲ್ಲಿ ಹಲವರು ಕೆಲಸಕ್ಕೆ ಹೋಗುವ ಅಪಾರ್ಟ್‌ಮೆಂಟುಗಳಲ್ಲಿ ಒಲೆಗೆ ಸಿಲಿಂಡರೇ ಇಲ್ಲ. ಗೋಡೆಯಿಂದ ಬರುವ ಹಳದಿ ಕೊಳವೆಗೆ ಒಂದು ಮೀಟರ್, ಅಷ್ಟೆ. ಒಂದೇ ಬಡಾವಣೆಯಲ್ಲಿ ಇರುವ ಈ ಎರಡು ಒಲೆಗಳೇ ನನ್ನ ಪಾಠದ ಪೀಠಿಕೆಯಾಗಬಹುದು ಎಂದು ಯೋಚಿಸಿದ್ದೆ. ಆದರೆ ಆ ಎರಡು ಒಲೆಗಳ ನಡುವಿನ ವ್ಯತ್ಯಾಸವನ್ನೇ ನಾನು ಸರಿಯಾಗಿ ಹೇಳಲಿಲ್ಲ. ಅದನ್ನು ಮುಂದೆ ವಿವರಿಸುತ್ತೇನೆ.

ಪೂರ್ವಜ್ಞಾನ: ಮಕ್ಕಳು ಹೇಳಿದ್ದು

‘ಕಲ್ಲಿದ್ದಲು ಯಾರು ನೋಡಿದ್ದೀರಿ?’ ಎಂದಾಗ ಎಲ್ಲರೂ ಕೈ ಎತ್ತಿದರು. ವಿಚಾರಿಸಿದರೆ ಅವರು ನೋಡಿದ್ದು ಇಸ್ತ್ರಿ ಅಂಗಡಿಯ ಇದ್ದಿಲು. ಇದು ಮೊದಲ ತಪ್ಪು ಪರಿಕಲ್ಪನೆ. ಇದ್ದಿಲು ನಾವು ಮರ ಸುಟ್ಟು ಮಾಡಿದ್ದು. ಕಲ್ಲಿದ್ದಲು ಭೂಮಿಯೊಳಗೆ ಕೋಟಿಗಟ್ಟಲೆ ವರ್ಷದ ಒತ್ತಡ ಮತ್ತು ಶಾಖದಿಂದ ಆದದ್ದು. ಹೆಸರಿನಲ್ಲಿ ‘ಕಲ್ಲು’ ಸೇರಿದ್ದರಿಂದ ವ್ಯತ್ಯಾಸ ತಿಳಿಯುತ್ತದೆ ಎಂದು ನಾವು ಭಾವಿಸುತ್ತೇವೆ, ಆದರೆ ಮಕ್ಕಳ ಕಿವಿಗೆ ಎರಡೂ ಒಂದೇ.

ನಿಜವಾದ ಕಲ್ಲಿದ್ದಲು ನೋಡಿದವನು ಒಬ್ಬನೇ. ‘ಶಕ್ತಿನಗರ ನಮ್ಮೂರಿಗೆ ಸಮೀಪ ಅದರಿ ಮಿಸ್. ಕಲ್ಲಿದ್ದಲು ರೈಲಿನ್ಯಾಗ ಬರ್ತದ್ರಿ. ಬೂದಿ ಮಾತ್ರ ಭಾಳ’ ಎಂದ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಇಂದು ಎಂಟು ಘಟಕಗಳಿಂದ ಅದರ ಸಾಮರ್ಥ್ಯ 1,720 ಮೆಗಾವ್ಯಾಟ್. ಅಲ್ಲಿ ಉರಿಯುವ ಕಲ್ಲಿದ್ದಲಿನ ಒಂದು ತುಂಡೂ ಕರ್ನಾಟಕದ ನೆಲದ್ದಲ್ಲ, ಎಲ್ಲವೂ ಹೊರಗಿನಿಂದ ರೈಲಿನಲ್ಲಿ ಬರುವುದು. ಈ ಹುಡುಗನ ‘ಬೂದಿ’ ಎಂಬ ಮಾತನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟೆ. ಅದು ಮುಂದೆ ಬೇಕಾಯಿತು.

ನೈಸರ್ಗಿಕ ಅನಿಲ ಎಲ್ಲೆಲ್ಲಿ ಸಿಗುತ್ತದೆ ಎನ್ನುವಾಗ ‘ಕಲ್ಲಿದ್ದಲಿನ ಪದರದಲ್ಲಿಯೂ ಸಿಗುತ್ತದೆ, ಅದು ಕಲ್ಲಿದ್ದಲಿಗಿಂತ ಶುದ್ಧ ಇಂಧನ’ ಎಂದು ಒಂದು ವಾಕ್ಯ ಸೇರಿಸಿದೆ. ಕೂಡಲೇ ಮುಂದಿನ ಬೆಂಚಿನ ಹುಡುಗಿ ಕೇಳಿದಳು: ‘ಮಿಸ್, ಕಲ್ಲಿದ್ದಲೇ ಕೊಳಕು ಅಂದ್ರಲ್ಲ. ಅದರಿಂದ ಬರೋ ಗ್ಯಾಸ್ ಹೆಂಗೆ ಕ್ಲೀನ್ ಆಗುತ್ತೆ?’

ಹಿಂದಿನಿಂದ ಇನ್ನೊಬ್ಬ: ‘ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿತ್ತಲ್ಲ ಮಿಸ್, ಅದೂ ಮೀಥೇನೇ ಅಂತೆ. ಎರಡೂ ಒಂದೇನಾ?’

ನನ್ನ ಪಾಠಯೋಜನೆಯಲ್ಲಿ ಈ ಎರಡಕ್ಕೂ ಉತ್ತರವಿರಲಿಲ್ಲ. ‘ನಾಳೆ ನೋಡೋಣ’ ಎಂದೆ. ಹಾಗೆ ಹೇಳಿ ಮರೆತುಬಿಡುವುದು ಸುಲಭ. ಆದರೆ ನಮ್ಮ ಮೇಲ್ವಿಚಾರಕ ಉಪನ್ಯಾಸಕಿ ಹಿಂದಿನ ಬೆಂಚಿನಲ್ಲಿ ಕುಳಿತು ಆ ಪ್ರಶ್ನೆಗಳನ್ನು ಬರೆದುಕೊಂಡದ್ದನ್ನು ನೋಡಿದ್ದೆ.

ಅನಿಲ ಕಲ್ಲಿದ್ದಲಿನೊಳಗೆ ಹೇಗೆ ಬಂತು?

ಎರಡನೆಯ ಅವಧಿಯನ್ನು ಕೆರೆಯಿಂದಲೇ ಶುರು ಮಾಡಿದೆ. ಬೆಳ್ಳಂದೂರು ಕೆರೆಯಲ್ಲಿ 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಒಣಗಿದ ಜೊಂಡು, ಕಸ, ಕೊಳಚೆಯಿಂದ ಏಳುವ ಮೀಥೇನ್ ಹೀಗೆ ಹಲವು ಕಾರಣಗಳು ಆಗ ಚರ್ಚೆಯಾದವು. ಪಾಠಕ್ಕೆ ಬೇಕಾದದ್ದು ಇಷ್ಟು: ಕೆರೆಯ ತಳದ ಕೆಸರಿಗೆ ಗಾಳಿ ತಲುಪುವುದಿಲ್ಲ. ಅಲ್ಲಿ ಕೊಳೆಯುವ ಸಸ್ಯ ಮತ್ತು ಕೊಳಚೆಯನ್ನು ಆಮ್ಲಜನಕವಿಲ್ಲದೆ ಬದುಕಬಲ್ಲ ಸೂಕ್ಷ್ಮಜೀವಿಗಳು ಒಡೆದಾಗ ಮೀಥೇನ್ ಹುಟ್ಟುತ್ತದೆ. ಹಳ್ಳಿಯ ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ನಡೆಯುವುದೂ ಇದೇ.

ಈಗ ಇಂಥದೇ ಒಂದು ಜೌಗುಕಾಡನ್ನು ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ ಕಲ್ಪಿಸಿಕೊಳ್ಳಿ ಎಂದೆ. ಮರಗಳು ಬಿದ್ದವು, ನೀರಿನಲ್ಲಿ ಮುಳುಗಿದವು, ಮೇಲೆ ಮಣ್ಣು ಮರಳು ಕೂತಿತು. ಪದರ ಆಳಕ್ಕೆ ಇಳಿದಂತೆ ಒತ್ತಡ ಮತ್ತು ಶಾಖ ಏರಿತು. ಸಸ್ಯರಾಶಿ ಮೆಲ್ಲಗೆ ಕಲ್ಲಿದ್ದಲಾಯಿತು. ಈ ಬದಲಾವಣೆಯ ಉದ್ದಕ್ಕೂ ಮೊದಲು ಸೂಕ್ಷ್ಮಜೀವಿಗಳಿಂದ, ಆಮೇಲೆ ಶಾಖದಿಂದ ಮೀಥೇನ್ ಬಿಡುಗಡೆಯಾಗುತ್ತ ಹೋಯಿತು. ಅದರಲ್ಲಿ ಒಂದು ಪಾಲು ತಪ್ಪಿಸಿಕೊಂಡಿತು, ಉಳಿದದ್ದು ಕಲ್ಲಿದ್ದಲಿನೊಳಗೇ ನಿಂತಿತು. ಅದೇ ಕಲ್ಲಿದ್ದಲು ಪದರದ ಮೀಥೇನ್. ಇಂಧನ ಇಲಾಖೆಯ ಭಾಷೆಯಲ್ಲಿ ಸಿಬಿಎಂ.

ಕೆರೆಯ ಪ್ರಶ್ನೆ ಕೇಳಿದ ಹುಡುಗನಿಗೆ ಹೀಗೆ ಉತ್ತರ ಸಿಕ್ಕಿತು. ಅಣು ಒಂದೇ: ಒಂದು ಕಾರ್ಬನ್, ನಾಲ್ಕು ಹೈಡ್ರೋಜನ್. ವಯಸ್ಸು ಬೇರೆ, ಜಾಗ ಬೇರೆ.

‘ನಮ್ಮ ಕಡೆ ಬೋರ್‌ವೆಲ್ ಕೊರೆಸಿದರೆ ಗ್ಯಾಸ್ ಬರುತ್ತಾ?’ ಎಂಬ ಪ್ರಶ್ನೆಯೂ ಬಂತು. ಬರುವುದಿಲ್ಲ. ಲಾಲ್‌ಬಾಗಿನ ಬಂಡೆ ನೋಡಿದವರು ಹಲವರಿದ್ದರು. ಆ ಬಗೆಯ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ನೆಲದ ಮೇಲೆ ಗಿಡಮರಗಳೇ ಇಲ್ಲದ ಕಾಲದ್ದು. ಕಾಡೇ ಇಲ್ಲದಿದ್ದಾಗ ಕಲ್ಲಿದ್ದಲು ಎಲ್ಲಿಂದ ಬರಬೇಕು? ಭಾರತದ ಕಲ್ಲಿದ್ದಲು ಬಹುಪಾಲು ದಾಮೋದರ, ಸೋನ್, ಮಹಾನದಿ, ಗೋದಾವರಿ ನದಿಗಳ ಕಣಿವೆಗಳಲ್ಲಿದೆ.

ಚಟುವಟಿಕೆ 1: ಇದ್ದಿಲು ಮತ್ತು ನೀರು

ಅನಿಲ ಕಲ್ಲಿದ್ದಲಿನಲ್ಲಿ ‘ಇದೆ’ ಎಂದೊಡನೆ ಮಕ್ಕಳ ಕಣ್ಣಿಗೆ ಬರುವುದು ಒಂದು ಗುಹೆ, ಅದರೊಳಗೆ ತುಂಬಿದ ಗ್ಯಾಸು. ಈ ಚಿತ್ರ ಅಳಿಸಬೇಕಿತ್ತು. ಇಸ್ತ್ರಿ ಅಂಗಡಿಯಿಂದ ಒಣ ಇದ್ದಿಲು ತಂದು ಗಾಜಿನ ಲೋಟದ ನೀರಿಗೆ ಹಾಕಿ ಕಡ್ಡಿಯಿಂದ ಮುಳುಗಿಸಿ ಹಿಡಿಯಲು ಹೇಳಿದೆ. ಸಣ್ಣ ಸಣ್ಣ ಗುಳ್ಳೆಗಳು ಬಹಳ ಹೊತ್ತು ಏಳುತ್ತಲೇ ಇದ್ದವು. ಗಟ್ಟಿಯಾಗಿ ಕಾಣುವ ತುಂಡಿನೊಳಗೆ ಎಷ್ಟೊಂದು ರಂಧ್ರಗಳಿವೆ ಎಂಬುದನ್ನು ಹೇಳಿಕೊಡಬೇಕಾಗಲಿಲ್ಲ.

ಕಲ್ಲಿದ್ದಲಿನ ರಂಧ್ರಗಳು ಇದಕ್ಕಿಂತ ಬಹಳ ಸೂಕ್ಷ್ಮ. ಒಂದು ಗ್ರಾಂ ಕಲ್ಲಿದ್ದಲಿನ ರಂಧ್ರಗಳ ಗೋಡೆಗಳನ್ನೆಲ್ಲ ಬಿಚ್ಚಿ ಹರಡಿದರೆ ಹತ್ತಾರು ಚದರ ಮೀಟರ್ ಆಗುತ್ತದೆ, ಹೆಚ್ಚುಕಡಿಮೆ ನಮ್ಮ ತರಗತಿಯ ನೆಲದಷ್ಟು. ಮೀಥೇನ್ ಅಣುಗಳು ಈ ಗೋಡೆಗಳಿಗೆ ಅಂಟಿಕೊಂಡಿರುತ್ತವೆ. ಇದು ಸ್ಪಂಜು ನೀರು ಹೀರಿದಂತೆ ಅಲ್ಲ. ಸ್ಪಂಜಿನಲ್ಲಿ ನೀರು ರಂಧ್ರದ ಜಾಗವನ್ನು ತುಂಬುತ್ತದೆ, ಇಲ್ಲಿ ಅನಿಲ ಮೇಲ್ಮೈಗೆ ಹತ್ತಿಕೊಳ್ಳುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ಅಧಿಶೋಷಣೆ ಎನ್ನುತ್ತಾರೆ. ಎಂಟನೆಯ ತರಗತಿಗೆ ‘ಅಂಟಿಕೊಳ್ಳುವುದು’ ಸಾಕು ಎನಿಸಿತು, ಪದವನ್ನು ಹಲಗೆಯಲ್ಲಿ ಬರೆದು ಬಿಟ್ಟೆ.

ಚಟುವಟಿಕೆ 2: ಗೋಲಿ ಸೋಡಾ

ಅಂಟಿಕೊಂಡ ಅನಿಲವನ್ನು ಬಿಡಿಸುವುದು ಹೇಗೆ? ಕಲ್ಲಿದ್ದಲಿನಲ್ಲಿ ಸಹಜ ಬಿರುಕುಗಳಿರುತ್ತವೆ. ಅವುಗಳಲ್ಲಿ ನೀರು ತುಂಬಿರುತ್ತದೆ. ಆ ನೀರಿನ ಒತ್ತಡವೇ ಅನಿಲವನ್ನು ಗೋಡೆಗೆ ಒತ್ತಿ ಹಿಡಿದಿರುವುದು. ಒತ್ತಡ ಇಳಿದರೆ ಅನಿಲ ಬಿಟ್ಟುಕೊಳ್ಳುತ್ತದೆ.

ಇದನ್ನು ತೋರಿಸಲು ಗೋಲಿ ಸೋಡಾ ತಂದಿದ್ದೆ. ಗೋಲಿ ಒತ್ತುವ ಮೊದಲು ಬಾಟಲಿಯೊಳಗೆ ಏನೂ ನಡೆಯುತ್ತಿಲ್ಲ. ಒತ್ತಿದೊಡನೆ ‘ಟಸ್ಸ್’ ಎಂದು ನೊರೆ. ಒಳಗಿನ ಅನಿಲ ಹೊಸದಾಗಿ ಹುಟ್ಟಲಿಲ್ಲ, ಒತ್ತಡ ತಪ್ಪಿದ್ದರಿಂದ ಹೊರಬಂತು. ಆದರೆ ಹೋಲಿಕೆಯ ಮಿತಿಯನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಸೋಡಾದಲ್ಲಿ ಅನಿಲ ನೀರಿನಲ್ಲಿ ಕರಗಿದೆ, ಕಲ್ಲಿದ್ದಲಿನಲ್ಲಿ ಗೋಡೆಗೆ ಅಂಟಿದೆ. ಅದೂ ಅಲ್ಲದೆ ಸೋಡಾದ ಅನಿಲ ಕಾರ್ಬನ್ ಡೈಆಕ್ಸೈಡ್, ಉರಿಯುವುದಿಲ್ಲ. ಇದನ್ನು ಹೇಳದಿದ್ದರೆ ಮಕ್ಕಳು ಸೋಡಾಕ್ಕೆ ಕಡ್ಡಿ ಗೀರಿ ನೋಡುತ್ತಾರೆ.

ಕೊಳವೆಬಾವಿಯ ಕೆಲಸ ಮಹದೇವಪುರದ ಮಕ್ಕಳಿಗೆ ಹೊಸದಲ್ಲ, ಆದ್ದರಿಂದ ಮುಂದಿನ ಹಂತ ಬೇಗ ಹಿಡಿಯಿತು. ಹಲವು ನೂರು ಮೀಟರ್ ಆಳದ ಪದರದವರೆಗೆ ಕೊರೆಯುತ್ತಾರೆ, ಪಂಪಿನಿಂದ ನೀರು ಎತ್ತುತ್ತಾರೆ. ಮೊದಲ ತಿಂಗಳುಗಳಲ್ಲಿ ನೀರು ಹೆಚ್ಚು, ಅನಿಲ ಕಡಿಮೆ. ನೀರು ಇಳಿದಂತೆ ಅನಿಲ ಏರುತ್ತದೆ, ಕೆಲವು ವರ್ಷಗಳ ನಂತರ ಅದೂ ಇಳಿಯುತ್ತದೆ. ‘ನಮ್ಮ ಬೋರ್‌ವೆಲ್‌ನಲ್ಲಿ ನೀರು ಖಾಲಿ ಆದ್ರೆ ನಷ್ಟ, ಅಲ್ಲಿ ನೀರು ಖಾಲಿ ಆದ್ರೆ ಲಾಭ’ ಎಂದು ಒಬ್ಬ ಹುಡುಗ ಸಾರಾಂಶ ಮಾಡಿದ. ಆ ಎತ್ತಿದ ನೀರು ಏನಾಗುತ್ತದೆ ಎಂದು ಅವನನ್ನೇ ಕೇಳಿದೆ. ಆ ನೀರಿನಲ್ಲಿ ಸಾಮಾನ್ಯವಾಗಿ ಲವಣ ಹೆಚ್ಚು. ಶುದ್ಧೀಕರಿಸದೆ ಹೊಲಕ್ಕೋ ಹಳ್ಳಕ್ಕೋ ಬಿಟ್ಟರೆ ಮಣ್ಣು ಕೆಡುತ್ತದೆ, ಸುತ್ತಲ ಅಂತರ್ಜಲದ ಮೇಲೂ ಕಣ್ಣಿಡಬೇಕು. ‘ಶುದ್ಧ ಇಂಧನ’ ಎಂಬ ಮಾತಿಗೆ ನಾವು ಹಾಕಿದ ಮೊದಲ ಷರತ್ತು ಇದು.

ಗಣಿಯ ಶತ್ರು

ಇದೇ ಅನಿಲ ಗಣಿ ಕಾರ್ಮಿಕರಿಗೆ ಬಹುಕಾಲದ ವೈರಿ. ಗಾಳಿಯಲ್ಲಿ ಮೀಥೇನ್ ಪ್ರಮಾಣ ಶೇ. 5ರಿಂದ 15ರ ನಡುವೆ ಇದ್ದಾಗ ಒಂದು ಕಿಡಿ ಸಾಕು, ಸ್ಫೋಟ. ಹಂಫ್ರಿ ಡೇವಿ 1815ರಲ್ಲಿ ಗಣಿಗಳಿಗಾಗಿ ಸುರಕ್ಷಾ ದೀಪ ರೂಪಿಸಿದ್ದು ಇದಕ್ಕಾಗಿಯೇ. ನಮ್ಮ ದೇಶದಲ್ಲಿ 1965ರ ಮೇ ತಿಂಗಳಲ್ಲಿ ಧೋರಿ ಗಣಿಯ ಸ್ಫೋಟದಲ್ಲಿ 250ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಗಣಿ ತೋಡುವ ಮೊದಲೇ ಈ ಅನಿಲವನ್ನು ಹೊರತೆಗೆದರೆ ಎರಡು ಲಾಭ: ಗಣಿ ಸುರಕ್ಷಿತವಾಗುತ್ತದೆ, ವಾತಾವರಣಕ್ಕೆ ವ್ಯರ್ಥವಾಗಿ ಸೇರುವ ಮೀಥೇನ್ ಇಂಧನವಾಗುತ್ತದೆ.

ಭಾರತ ಸರ್ಕಾರ ಇದಕ್ಕೆ ಪ್ರತ್ಯೇಕ ನೀತಿ ರೂಪಿಸಿದ್ದು 1997ರಲ್ಲಿ. ಪಶ್ಚಿಮ ಬಂಗಾಳದ ರಾಣಿಗಂಜ್ ಪ್ರದೇಶದಲ್ಲಿ 2007ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭವಾಯಿತು. ಮಧ್ಯಪ್ರದೇಶದ ಸೊಹಾಗ್‌ಪುರದಲ್ಲಿ 2017ರಲ್ಲಿ ಶುರುವಾಯಿತು. ಅಲ್ಲಿನ ಅನಿಲ ಶಹಡೋಲ್‌ನಿಂದ ಉತ್ತರ ಪ್ರದೇಶದ ಫೂಲ್‌ಪುರದವರೆಗೆ ಸುಮಾರು 300 ಕಿ.ಮೀ. ಕೊಳವೆಯಲ್ಲಿ ಸಾಗಿ ದೇಶದ ಅನಿಲ ಜಾಲ ಸೇರುತ್ತದೆ. ದೇಶದ ಒಟ್ಟು ಅನಿಲ ಉತ್ಪಾದನೆಯಲ್ಲಿ ಇದರ ಪಾಲು ಇನ್ನೂ ನೂರಕ್ಕೆ ಎರಡರ ಆಸುಪಾಸು.

ಮಹದೇವಪುರದ ಹಳದಿ ಕೊಳವೆಗೆ ಬರುವುದು ಇದೇ ಅನಿಲ ಎಂದು ಹೇಳಿಬಿಡುವ ಆಸೆಯಾಗುತ್ತದೆ, ಹೇಳಬಾರದು. ಬೆಂಗಳೂರಿಗೆ ಅನಿಲ ಬರುವುದು ಮಹಾರಾಷ್ಟ್ರದ ದಾಬೋಳದಿಂದ ಬೆಳಗಾವಿ, ಧಾರವಾಡ, ದಾವಣಗೆರೆ, ತುಮಕೂರು ದಾಟಿ ಬರುವ ಸುಮಾರು 1,000 ಕಿ.ಮೀ. ಉದ್ದದ ಕೊಳವೆಯಲ್ಲಿ. ಅದು ಕಾರ್ಯಾರಂಭ ಮಾಡಿದ್ದು 2013ರಲ್ಲಿ. ಹೊರದೇಶದಿಂದ ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ ದ್ರವ ಮಾಡಿ ಹಡಗಿನಲ್ಲಿ ತಂದ ಅನಿಲ ಅದರ ಮುಖ್ಯ ಮೂಲಗಳಲ್ಲಿ ಒಂದು. ಮೂಲ ಯಾವುದಾದರೂ ಕೊಳವೆಯೊಳಗಿನ ಮುಖ್ಯ ವಸ್ತು ಮೀಥೇನೇ.

ಎಷ್ಟು ಶುದ್ಧ? ಹಲಗೆಯ ಲೆಕ್ಕ

ಈಗ ಹಲಗೆಯ ಮೂಲೆಯ ‘ಬೂದಿ’ಗೆ ಬಂದೆ. ಸಿಬಿಎಂ ತೆಗೆಯುವಾಗ ಕಲ್ಲಿದ್ದಲು ಭೂಮಿಯಲ್ಲೇ ಉಳಿಯುತ್ತದೆ. ಅದರ ಜತೆಗೆ ಬೂದಿಯಾಗುವ ಖನಿಜಗಳು, ಪಾದರಸ, ಗಂಧಕದ ಬಹುಪಾಲು ಎಲ್ಲವೂ ಕೆಳಗೇ ಉಳಿಯುತ್ತವೆ. ಮೇಲೆ ಬರುವುದು ಬಹುತೇಕ ಮೀಥೇನ್. ಉರಿದರೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು. ‘ಕೊಳಕಿನಿಂದ ಕ್ಲೀನ್ ಹೇಗೆ?’ ಎಂಬ ಪ್ರಶ್ನೆಗೆ ಇದು ಅರ್ಧ ಉತ್ತರ.

ಉಳಿದರ್ಧ ಲೆಕ್ಕ. ‘ದಹನ ಮತ್ತು ಜ್ವಾಲೆ’ ಪಾಠದ ಕೋಷ್ಟಕದಲ್ಲಿ ಮೀಥೇನ್‌ನ ಕ್ಯಾಲರಿ ಮೌಲ್ಯ ಪ್ರತಿ ಕಿಲೋಗ್ರಾಂಗೆ 50,000 ಕಿಲೋಜೂಲ್, ಕಲ್ಲಿದ್ದಲಿನದು 25,000ದಿಂದ 33,000.

1 ಕೆ.ಜಿ. ಮೀಥೇನ್ ಉರಿದರೆ: 50,000 ಕಿಲೋಜೂಲ್ ಶಾಖ, 2.75 ಕೆ.ಜಿ. ಕಾರ್ಬನ್ ಡೈಆಕ್ಸೈಡ್. (16 ಪಾಲು ತೂಕದ ಮೀಥೇನ್‌ನಿಂದ 44 ಪಾಲು.)

ಅಷ್ಟೇ ಶಾಖಕ್ಕೆ ಒಂದೂವರೆಯಿಂದ ಎರಡು ಕೆ.ಜಿ. ಕಲ್ಲಿದ್ದಲು ಬೇಕು: ಸುಮಾರು 4.75 ಕೆ.ಜಿ. ಕಾರ್ಬನ್ ಡೈಆಕ್ಸೈಡ್.

ಮಕ್ಕಳು ಚಪ್ಪಾಳೆ ತಟ್ಟುವ ಹಂತ ಇದು. ನಾನು ಇಲ್ಲಿಯೇ ನಿಲ್ಲಿಸಿದ್ದರೆ ಪಾಠ ಜಾಹೀರಾತಾಗುತ್ತಿತ್ತು. ಉರಿಯದೆ ಸೋರಿದ ಮೀಥೇನ್ ಕೂಡ ಹಸಿರುಮನೆ ಅನಿಲವೇ. 100 ವರ್ಷಗಳ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು, 20 ವರ್ಷಗಳ ಲೆಕ್ಕದಲ್ಲಿ 80 ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತದೆ. ಬಾವಿಯಿಂದ ಒಲೆಯವರೆಗಿನ ದಾರಿಯಲ್ಲಿ ಉರಿಸುವ ಪ್ರತಿ ಕೆ.ಜಿ.ಗೆ 30 ಗ್ರಾಂ ಸೋರಿತು ಎಂದುಕೊಳ್ಳಿ. 28ರಿಂದ ಗುಣಿಸಿದರೆ 0.84 ಕೆ.ಜಿ. ಸೇರುತ್ತದೆ, ಒಟ್ಟು 3.59. ಇನ್ನೂ ಕಲ್ಲಿದ್ದಲಿಗಿಂತ ಕಡಿಮೆಯೇ. 80ರಿಂದ ಗುಣಿಸಿದರೆ 2.4 ಸೇರಿ ಒಟ್ಟು 5.15. ಕಲ್ಲಿದ್ದಲನ್ನು ದಾಟಿತು!

‘ಹಂಗಾದ್ರೆ ಯಾವುದು ಸರಿ ಮಿಸ್?’ ಎಂದು ಕೇಳಿದರು. ಎರಡೂ ಸರಿ ಎಂದೆ. ಕಲ್ಲಿದ್ದಲಿನ ಗಣಿಯೂ ಮೀಥೇನ್ ಬಿಡುತ್ತದೆ, ಅದನ್ನು ನಾವಿಲ್ಲಿ ಸೇರಿಸಿಲ್ಲ. ಬೂದಿ, ಹೊಗೆಯ ಕಣ, ಗಂಧಕದ ವಿಷಯದಲ್ಲಿ ಅನಿಲ ನಿಸ್ಸಂದೇಹವಾಗಿ ಮೇಲು. ಹವಾಮಾನದ ವಿಷಯದಲ್ಲಿ ಸೋರಿಕೆ ತಡೆದಷ್ಟೂ ಮೇಲು. ‘ಶುದ್ಧ’ ಎಂಬ ಪದದ ಜಾಗದಲ್ಲಿ ‘ಕಲ್ಲಿದ್ದಲಿಗಿಂತ ಶುದ್ಧ, ಸೋರದಿದ್ದರೆ’ ಎಂದು ಮಕ್ಕಳೇ ಬರೆದುಕೊಂಡರು.

ನನ್ನ ತಪ್ಪು

ಎರಡನೆಯ ಅವಧಿ ಮುಗಿಯಲು ಐದು ನಿಮಿಷ ಇದ್ದಾಗ ಸೋರಿಕೆಯ ಮಾತು ಬಂದದ್ದರಿಂದ ಒಂದು ಮಾತು ಸೇರಿಸಿದ್ದೆ: ‘ಈ ಗ್ಯಾಸ್ ಗಾಳಿಗಿಂತ ಹಗುರ. ಸೋರಿದರೆ ಮೇಲಕ್ಕೆ ಹೋಗುತ್ತದೆ. ಮೇಲಿನ ಕಿಟಕಿ ತೆರೆದಿದ್ದರೆ ಹೊರಟುಹೋಗುತ್ತದೆ.’ ಮೀಥೇನ್ ಬಗ್ಗೆ ಈ ಮಾತು ನಿಜ. ‘ಇವತ್ತು ಕಲಿತದ್ದನ್ನು ಮನೆಯಲ್ಲಿ ಹೇಳಿ ಬನ್ನಿ’ ಎಂಬುದು ಗೃಹಪಾಠ.

ಮರುದಿನ ಶೆಡ್‌ನಲ್ಲಿರುವ ಒಬ್ಬ ಹುಡುಗಿ ಎದ್ದು ನಿಂತು ಹೆಮ್ಮೆಯಿಂದ ಹೇಳಿದಳು: ‘ನಮ್ಮವ್ವಗ ಹೇಳಿದ್ನಿರಿ. ಗ್ಯಾಸ್ ಸೋರಿದ್ರ ಮ್ಯಾಲಿನ ಕಿಂಡಿ ತೆಗದ್ರ ಸಾಕು, ಹೋಗ್ತದ ಅಂತ.’

ಅವರ ಮನೆಯಲ್ಲಿರುವುದು ಚಿಕ್ಕ ಸಿಲಿಂಡರ್. ಅದರೊಳಗಿರುವುದು ಎಲ್‌ಪಿಜಿ, ಅಂದರೆ ಪ್ರೊಪೇನ್ ಮತ್ತು ಬ್ಯೂಟೇನ್. ಅದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲದ ಮೇಲೆ ನೀರಿನಂತೆ ಹರಡಿ ನಿಲ್ಲುತ್ತದೆ. ಶೆಡ್‌ನಲ್ಲಿ ಸಿಲಿಂಡರ್ ಇರುವುದು ನೆಲದ ಮೇಲೆ, ಮಕ್ಕಳು ಮಲಗುವುದೂ ನೆಲದ ಮೇಲೆ. ಆ ಕ್ಷಣ ನನ್ನ ಕೈಕಾಲು ತಣ್ಣಗಾದವು. ನಾನು ಹೇಳಿದ ಒಂದೊಂದು ಪದವೂ ನಿಜವಾಗಿತ್ತು, ಆದರೆ ಆ ಮನೆಗೆ ತಲುಪಿದ ಪಾಠ ಅಪಾಯದ್ದಾಗಿತ್ತು.

ಯೋಜಿಸಿದ್ದ ಮೂರನೆಯ ಅವಧಿಯನ್ನು ಬದಿಗಿಟ್ಟೆ. ‘ನಿನ್ನೆ ನಾನು ಅರ್ಧ ಹೇಳಿದೆ, ಅದು ನನ್ನ ತಪ್ಪು’ ಎಂದು ಮೊದಲು ಹೇಳಿದೆ. ಪ್ರಯೋಗಾಲಯದಿಂದ ಅಡುಗೆ ಸೋಡಾ, ವಿನೆಗರ್, ದೊಡ್ಡ ಬೀಕರ್ ತರಿಸಿದೆ. ಬೀಕರಿನೊಳಗೆ ಒಂದು ಗಿಡ್ಡ, ಒಂದು ಎತ್ತರದ ಮೇಣದಬತ್ತಿ ಹಚ್ಚಿ ನಿಲ್ಲಿಸಿದೆ. ಇನ್ನೊಂದು ಪಾತ್ರೆಯಲ್ಲಿ ಸೋಡಾ ಮತ್ತು ವಿನೆಗರ್ ಬೆರೆಸಿ, ಹುಟ್ಟಿದ ಅನಿಲವನ್ನಷ್ಟೇ, ದ್ರವ ಬೀಳದಂತೆ, ಬೀಕರಿನೊಳಗೆ ಬಗ್ಗಿಸಿದೆ. ಗಿಡ್ಡ ಬತ್ತಿ ಮೊದಲು ಆರಿತು. ಕಾರ್ಬನ್ ಡೈಆಕ್ಸೈಡ್‌ನ ಅಣುತೂಕ 44, ಪ್ರೊಪೇನ್‌ನದೂ 44. ಗಾಳಿಯದು ಸರಾಸರಿ 29, ಮೀಥೇನ್‌ನದು 16. ಕಣ್ಣಿಗೆ ಕಾಣದ ಅನಿಲ ತಳದಿಂದ ತುಂಬಿ ಬರುವುದನ್ನು ಆರಿದ ಬತ್ತಿ ತೋರಿಸಿತು. ಇಲ್ಲಿ ಹೋಲಿಕೆ ತೂಕಕ್ಕೆ ಮಾತ್ರ, ಇದು ಬೆಂಕಿ ಆರಿಸುತ್ತದೆ, ಎಲ್‌ಪಿಜಿ ಬೆಂಕಿ ಹೊತ್ತಿಸುತ್ತದೆ ಎಂದು ಒತ್ತಿ ಹೇಳಿದೆ. ಹಲಗೆಯ ಸಾರಾಂಶ ಹೀಗಿತ್ತು:

ಕೊಳವೆ ಗ್ಯಾಸ್, ಸಿಎನ್‌ಜಿ, ಸಿಬಿಎಂ: ಮೀಥೇನ್. ಗಾಳಿಗಿಂತ ಹಗುರ. ಮೇಲೆ ಸೇರುತ್ತದೆ. ಮುಚ್ಚಿದ ಕೋಣೆಯಲ್ಲಿ ಇದೂ ಅಪಾಯ.

ಸಿಲಿಂಡರ್ ಗ್ಯಾಸ್: ಪ್ರೊಪೇನ್, ಬ್ಯೂಟೇನ್. ಗಾಳಿಗಿಂತ ಭಾರ. ನೆಲದಲ್ಲಿ ನಿಲ್ಲುತ್ತದೆ.

ಎರಡಕ್ಕೂ: ವಾಸನೆ ಬಂದರೆ ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ಕಡ್ಡಿ ಗೀರಬೇಡಿ. ರೆಗ್ಯುಲೇಟರ್ ಅಥವಾ ವಾಲ್ವ್ ಮುಚ್ಚಿ. ಬಾಗಿಲು, ಕಿಟಕಿ ಎಲ್ಲ ತೆರೆಯಿರಿ. ಹೊರಗೆ ಬನ್ನಿ. ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ 1906.

ಇದನ್ನು ಎಲ್ಲರೂ ಚೀಟಿಯಲ್ಲಿ ಬರೆದು ಮನೆಗೆ ಒಯ್ದರು. ಆ ಹುಡುಗಿಯ ಮನೆಗೆ ಶಾಲೆ ಬಿಟ್ಟ ಮೇಲೆ ನಾನೂ ತರಗತಿ ಶಿಕ್ಷಕಿಯೂ ಹೋಗಿ ಬಂದೆವು. ಅವರ ತಾಯಿ ನಗುತ್ತ, ‘ವಾಸನಿ ಬಂದ್ರ ನಾವು ಮೊದ್ಲ ಬಾಗ್ಲ ತೆಗಿತೀವ್ರಿ ಟೀಚರ್ರ’ ಎಂದರು. ನನಗಿಂತ ಅವರಿಗೆ ಹೆಚ್ಚು ಗೊತ್ತಿತ್ತು. ಆದರೂ ಆ ನಂಬಿಕೆಯ ಮೇಲೆ ಪಾಠ ಬಿಡುವಂತಿರಲಿಲ್ಲ.

ಮುಂದಿನವರಿಗೆ

ಅವಲೋಕನ ಚರ್ಚೆಯಲ್ಲಿ ಮೇಲ್ವಿಚಾರಕಿ ನನ್ನ ಪಾಠಯೋಜನೆ ತೆರೆದು ತೋರಿಸಿದರು. ‘ಬರೆಯುವಾಗ ನೈಸರ್ಗಿಕ ಅನಿಲ ಎಂದೇ ಬರೆದಿದ್ದೀರಿ. ಹೇಳುವಾಗ ಗ್ಯಾಸ್ ಎಂದಿರಿ. ಮಕ್ಕಳು ನೀವು ಬರೆದದ್ದನ್ನು ಒಯ್ಯಲಿಲ್ಲ, ಹೇಳಿದ್ದನ್ನು ಒಯ್ದರು’ ಎಂದರು. ‘ಗ್ಯಾಸ್’ ಬಿಡಬೇಕೆಂದು ಇದರ ಅರ್ಥವಲ್ಲ, ಅದು ಮನೆಯ ಮಾತು. ಪ್ರತಿ ಸಲ ‘ಯಾವ ಗ್ಯಾಸ್?’ ಎಂದು ಕೇಳಿಕೊಳ್ಳಬೇಕು ಅಷ್ಟೆ.

ಈ ಪಾಠ ಮಾಡುವವರು ಗಮನಿಸಬೇಕಾದ ಇನ್ನೊಂದು ಗೊಂದಲವಿದೆ. ಪಠ್ಯದಲ್ಲಿ ಬರುವ ‘ಕಲ್ಲಿದ್ದಲು ಅನಿಲ’ ಬೇರೆ. ಅದು ಕೋಕ್ ತಯಾರಿಸಲು ಕಲ್ಲಿದ್ದಲನ್ನು ಕಾಯಿಸಿದಾಗ ಸಿಗುವ ಮಿಶ್ರಣ, ಅದರಲ್ಲಿ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಕೂಡ ಇರುತ್ತದೆ. ಸಿಬಿಎಂಗೆ ಕಲ್ಲಿದ್ದಲನ್ನು ಕಾಯಿಸುವುದೂ ಇಲ್ಲ, ಅಗೆಯುವುದೂ ಇಲ್ಲ.

ಮೌಲ್ಯಮಾಪನಕ್ಕೆ ನಾನು ಕೊಟ್ಟ ಮೂರು ಪ್ರಶ್ನೆಗಳು: ನೀರು ಎತ್ತದೆ ಸಿಬಿಎಂ ಏಕೆ ಬರುವುದಿಲ್ಲ? ಅನಿಲ ಕಲ್ಲಿದ್ದಲಿಗಿಂತ ಶುದ್ಧ ಎಂಬ ಮಾತು ಯಾವಾಗ ಸುಳ್ಳಾಗಬಹುದು? ನಿಮ್ಮ ಮನೆಯ ಒಲೆಗೆ ಬರುವುದು ಯಾವ ಅನಿಲ, ಸೋರಿದರೆ ಎಲ್ಲಿ ಸೇರುತ್ತದೆ?

ಮೂರನೆಯ ಪ್ರಶ್ನೆಗೆ ಇಡೀ ತರಗತಿ ಸರಿಯುತ್ತರ ಬರೆಯಿತು. ಮೊದಲೆರಡರಲ್ಲಿ ಕೆಲವರು ತಪ್ಪಿದರು. ಅಂಕಪಟ್ಟಿಯಲ್ಲಿ ಮೂರಕ್ಕೂ ಸಮಾನ ಅಂಕ ಇಟ್ಟಿದ್ದೆ. ಈ ಪಾಠ ಇನ್ನೊಮ್ಮೆ ಮಾಡುವ ಅವಕಾಶ ಸಿಕ್ಕರೆ ಮೂರನೆಯದರಿಂದಲೇ ಶುರು ಮಾಡುತ್ತೇನೆ.